ಗುತ್ತೂರಿನ ಗೌರಮ್ಮ ಹಿಡಿದ ಕೈ

ಉಕ್ಕಡಗಾತ್ರಿಯ ಅಜ್ಜಯ್ಯನನ್ನು ನಂಬಿದ ಎಲ್ಲರಿಗೂ ಶರಣು. ದಾವಣಗೆರೆ ಜಿಲ್ಲೆಯಾದ ಮರುವರ್ಷದ ಬೇಸಿಗೆಯಲ್ಲಿ ನನ್ನನ್ನು ಯಾರೂ ಮುಟ್ಟುತ್ತಿರಲಿಲ್ಲ. ಯಾರೂ ಮುಟ್ಟಬಾರದ ಹಾಗೆ ನಾನೇ ಬದುಕುತ್ತಿದ್ದೆ. ನನ್ನ ಕಷ್ಟ ಅದೇ. ಕೇಳಿದವರಿಗೆ ಇದೇನು ದೊಡ್ಡ ಕಷ್ಟ ಅನ್ನಿಸಬಹುದು. ನಡೆದದ್ದಕ್ಕಿಂತ ಒಂದು ಮಾತೂ ಹೆಚ್ಚಾಗದಿರಲಿ ಎಂದು ನಿಧಾನವಾಗಿ ಬರೆಯುತ್ತಿದ್ದೇನೆ.

ನನ್ನ ಹೆಸರು ರತ್ನ. ದಾವಣಗೆರೆಯ ಒಂದು ಆಸ್ಪತ್ರೆಯ ಐಸಿಯುನಲ್ಲಿ, ಅಂದರೆ ತೀವ್ರ ನಿಗಾ ಘಟಕದಲ್ಲಿ, ನರ್ಸ್ ಆಗಿದ್ದೇನೆ. ಮನೆ ಹರಿಹರದಲ್ಲಿ, ಒಂದೇ ಕೋಣೆ. ಅವ್ವ ಇರುವ ತನಕ ನಾವಿಬ್ಬರೂ ಅಲ್ಲಿದ್ದೆವು. ಹೊಳೆ ಹತ್ತಿರ ಇರಬೇಕು, ಅಮಾವಾಸ್ಯೆಗೆ ಅಜ್ಜಯ್ಯನ ಗುಡಿಗೆ ಹೋಗಲು ಉಕ್ಕಡಗಾತ್ರಿಯ ಬಸ್ಸು ಸುಲಭವಾಗಿ ಸಿಗಬೇಕು ಎಂದು ಅವ್ವನೇ ಆರಿಸಿದ ಕೋಣೆ ಅದು. ಅವ್ವ ಹೋದ ಮೇಲೂ ನಾನು ಬಿಡಲಿಲ್ಲ. ದಿನವೂ ಹರಿಹರದಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ.

ಹದಡಿಯಲ್ಲಿ ಅಣ್ಣನ ಮನೆ ಇದೆ. ಹಿಂದಿನ ಚಳಿಗಾಲದಲ್ಲಿ ಅತ್ತಿಗೆಗೆ ಗಂಡು ಮಗುವಾಯಿತು. ಡ್ಯೂಟಿ ಮುಗಿಸಿ, ಆಸ್ಪತ್ರೆಯಲ್ಲೇ ಸ್ನಾನ ಮಾಡಿ, ಸೀರೆ ಬದಲಿಸಿಕೊಂಡು ನೋಡಲು ಹೋದೆ. ಮಗುವನ್ನು ಎತ್ತಿಕೊಂಡೆ. ನನ್ನ ಕಿರುಬೆರಳನ್ನು ಅದು ಬಿಗಿಯಾಗಿ ಹಿಡಿದುಕೊಂಡಿತ್ತು. ಆ ವಾರದಲ್ಲೇ ಜ್ವರ ಬಂದು ಮಗು ತೀರಿಕೊಂಡಿತು. ಸುದ್ದಿ ತಿಳಿದು ಓಡಿದೆ. ಅಂಗಳದಲ್ಲಿ ನಿಂತಿದ್ದಾಗ ಒಳಗಿನಿಂದ ಅತ್ತಿಗೆಯ ದನಿ ಕೇಳಿಸಿತು.

"ದಿನಾ ಹೆಣ ತೊಳಿಯೋ ಕೈಯಾಗೆ ಎತ್ತಿದ್ಲು. ಅದ್ಕೇ ಹೋತು ನನ್ ಕೂಸು. ಇನ್ನ ಈ ಹೊಸಲು ತುಳೀಬ್ಯಾಡ ಅನ್ರಿ ಆಕಿಗೆ."

ಅಣ್ಣ ಹೊರಗೆ ಬಂದ. ನನ್ನ ಚಪ್ಪಲಿಯನ್ನೇ ನೋಡುತ್ತ ನಿಂತ. ನಾನು ತಿರುಗಿ ಬಂದೆ.

ಅತ್ತಿಗೆಯನ್ನು ದೂರಲು ಇದನ್ನು ಬರೆಯುತ್ತಿಲ್ಲ. ಕೂಸನ್ನು ಕಳೆದುಕೊಂಡ ಬಾಯಿ ಅದು. ಎಳೆಗೂಸಿನ ಜ್ವರ ಹೇಗೆ ಬರುತ್ತದೆ ಎಂದು ನಾನು ಓದಿದ್ದೇನೆ. ಆದರೆ ಓದಿದ್ದು ಒಂದು ಕಡೆ, ಹುಟ್ಟಿದಾಗಿನಿಂದ ಮನೆಯಲ್ಲಿ ಕೇಳಿದ್ದು ಇನ್ನೊಂದು ಕಡೆ. ಆ ಮಾತನ್ನು ನಾನು ನಂಬಿಬಿಟ್ಟೆ.

ನಮ್ಮ ಮನೆತನದಲ್ಲಿ ಹೆಣ ಮುಟ್ಟಿದವರು ಸೂತಕ ಕಳೆಯುವ ತನಕ ಗುಡಿಯ ಮೆಟ್ಟಿಲು ಹತ್ತುವುದಿಲ್ಲ. ಅದುವರೆಗೆ, ಕೆಲಸ ಬೇರೆ, ಮನೆ ಬೇರೆ ಎಂದು ನಾನು ಅದನ್ನು ಆಸ್ಪತ್ರೆಗೆ ಹೊಂದಿಸಿರಲಿಲ್ಲ. ಹದಡಿಯಿಂದ ಬಂದ ಮೇಲೆ ಹೊಂದಿಸತೊಡಗಿದೆ. ನಮ್ಮ ವಾರ್ಡಿನಲ್ಲಿ ಒಂದು ಸಾವಿನ ಸೂತಕ ಕಳೆಯುವ ಮೊದಲೇ ಇನ್ನೊಂದು ಸಾವು ಆಗುತ್ತದೆ. ಹಾಗಾಗಿ ನಾನು ಶುದ್ಧಳಾಗುವ ದಿನವೇ ಬರಲಿಲ್ಲ. ಪ್ರತಿ ಅಮಾವಾಸ್ಯೆಗೂ ಹರಿಹರದ ಬಸ್ ನಿಲ್ದಾಣದಲ್ಲಿ ನಿಂತು, ಉಕ್ಕಡಗಾತ್ರಿ ಬೋರ್ಡಿನ ಬಸ್ಸು ತುಂಬಿ ಹೊರಡುವುದನ್ನು ನೋಡಿ, ದಾವಣಗೆರೆಯ ಬಸ್ಸು ಹತ್ತುತ್ತಿದ್ದೆ. ಕಿಟಕಿಯ ಪಕ್ಕ ಕೂತು, ಪಕ್ಕದ ಸೀಟಿನ ಮೇಲೆ ನನ್ನ ಚೀಲ ಇಡುತ್ತಿದ್ದೆ. ಚೀಲ ನೋಡಿ ಜನ ಮುಂದೆ ಹೋಗುತ್ತಿದ್ದರು.

ವಾರ್ಡಿನಲ್ಲೂ ಹಾಗೆಯೇ ಆದೆ. ಆಗ ಕೈಗವಸುಗಳನ್ನು ತೊಳೆದು, ಒಣಗಿಸಿ, ಪೌಡರ್ ಹಾಕಿ ಮತ್ತೆ ಬಳಸುತ್ತಿದ್ದೆವು. ನಾನು ಒಂದರ ಮೇಲೊಂದು ಎರಡು ಜೊತೆ ತೊಡುತ್ತಿದ್ದೆ. ನನ್ನಿಂದ ರೋಗಿಗೆ ಏನೂ ದಾಟಬಾರದು ಎಂದು. ಸೂಜಿ ಚುಚ್ಚಲು, ಮಗ್ಗುಲು ಬದಲಿಸಲು ಎಷ್ಟು ಬೇಕೋ ಅಷ್ಟೇ ಮುಟ್ಟುತ್ತಿದ್ದೆ. ವಾರ್ಡಿನ ಮುಖ್ಯಸ್ಥೆ ಫಿಲೋಮಿನಾ ಸಿಸ್ಟರ್, ಕರಾವಳಿಯವರು. ಊಟದ ಹೊತ್ತಿಗೆ ಕರೆಯುತ್ತಿದ್ದರು.

"ಬಾ ಮಾರಾಯ್ತಿ, ಒಟ್ಟಿಗೆ ಕೂತು ತಿನ್ನುವ. ನಾವೇನು ಹುಲಿಗಳಾ?"

"ಹಸಿವಿಲ್ಲ ಸಿಸ್ಟರ್," ಎನ್ನುತ್ತಿದ್ದೆ. ಬುತ್ತಿಯನ್ನು ಲಿನನ್ ಕೋಣೆಯಲ್ಲಿ ನಿಂತೇ ತಿನ್ನುತ್ತಿದ್ದೆ. ಕ್ರಮೇಣ ತಿನ್ನುವುದನ್ನೂ ಬಿಟ್ಟೆ. ಕೆಲಸ ಬಿಡುವುದೆಂದು ತೀರ್ಮಾನಿಸಿದೆ.

ಆಗ ಗೌರಮ್ಮ ಬಂದರು. ಗುತ್ತೂರಿನವರು, ವಯಸ್ಸಾದವರು, ಲಿಂಗ ಕಟ್ಟುವ ಮನೆತನ. ಕುಳ್ಳಿನ, ಅಂದರೆ ಬೆರಣಿಯ, ಬಣವೆಗೆ ಕೈ ಹಾಕಿದಾಗ ಹಾವು ಕಡಿದಿತ್ತು. ಟೆಂಪೋದಲ್ಲಿ ಕರೆತರುವಷ್ಟರಲ್ಲಿ ರೆಪ್ಪೆ ಬಿದ್ದು, ನಾಲಗೆ ಬಿದ್ದು, ಉಸಿರೂ ನಿಲ್ಲುವ ಹಂತದಲ್ಲಿತ್ತು. ಗಂಟಲಿಗೆ ಕೊಳವೆ ಇಳಿಸಿ ಉಸಿರಾಟದ ಯಂತ್ರಕ್ಕೆ ಜೋಡಿಸಿದೆವು. ಒಳಗೆ ಸೇರಿಸುವಾಗ ಮೈಮೇಲಿನ ಒಡವೆ, ದಾರ, ತಾಯಿತ ಎಲ್ಲವನ್ನೂ ತೆಗೆದು ಮನೆಯವರಿಗೆ ಕೊಡುವುದು ನಮ್ಮ ವಾರ್ಡಿನ ಪದ್ಧತಿ. ಹಾಗೆಯೇ ಅವರ ಬಳೆ, ಸರ, ಕೊರಳಿನ ಬೆಳ್ಳಿ ಕರಡಿಗೆ, ಅಂದರೆ ಇಷ್ಟಲಿಂಗವಿದ್ದ ಪುಟ್ಟ ಡಬ್ಬಿ, ಎಲ್ಲವನ್ನೂ ಕರವಸ್ತ್ರದಲ್ಲಿ ಗಂಟು ಕಟ್ಟಿ ಅವರ ಮಗಳು ನೀಲಾಗೆ ಕೊಡಲಾಯಿತು.

ವಿಷಕ್ಕೆ ಔಷಧ ಕೊಟ್ಟರೂ ಗೌರಮ್ಮನ ಒಂದು ಬೆರಳೂ ಅಲುಗಲಿಲ್ಲ. ರೆಪ್ಪೆ ಎತ್ತಿ ಬೆಳಕು ಬಿಟ್ಟರೆ ಪಾಪೆಯೂ ಸರಿಯಾಗಿ ಕದಲುತ್ತಿರಲಿಲ್ಲ. "ಹೇಳಕ್ಕಾಗಲ್ಲ, ಕಾಯೋಣ," ಎಂದರು ಡಾಕ್ಟರು. ದಿನಗಳು ಹೋದವು. ಕನ್ನಡಕದ ಹುಡುಗಿಯೊಬ್ಬಳು ಹೊಸದಾಗಿ ಕೆಲಸಕ್ಕೆ ಸೇರಿದ್ದಳು. ಗೌರಮ್ಮನ ಹಾಸಿಗೆಯ ಪಕ್ಕದಲ್ಲೇ ನಿಂತು, "ಈ ಬೆಡ್ ನಾಳೆ ನಾಡಿದ್ದು ಖಾಲಿ ಆಗ್ತೈತೆ ಬಿಡ್ರಿ," ಎಂದಳು. ಯಾರೂ ಅವಳನ್ನು ತಡೆಯಲಿಲ್ಲ. ಅರಿವಿಲ್ಲದ ರೋಗಿಯ ಮುಂದೆ ಬಸ್ಸಿನ ವಿಷಯ, ಸಾಂಬಾರಿನ ವಿಷಯ, ಸಾವಿನ ವಿಷಯ, ಎಲ್ಲವನ್ನೂ ಮಾತಾಡುವುದು ನಮಗೆ ರೂಢಿಯಾಗಿತ್ತು.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಜನರೇಟರ್ ಹತ್ತಿಕೊಳ್ಳಲಿಲ್ಲ. ಅಂಥ ಹೊತ್ತಿನಲ್ಲಿ ಯಂತ್ರದ ಬದಲು ರಬ್ಬರಿನ ಚೀಲವನ್ನು ಕೊಳವೆಗೆ ಸಿಕ್ಕಿಸಿ ಕೈಯಿಂದ ಒತ್ತಿ ಉಸಿರು ಕೊಡಬೇಕು. ಇದ್ದವರೆಲ್ಲ ಒಂದೊಂದು ಹಾಸಿಗೆಗೆ ಓಡಿದರು. ಗೌರಮ್ಮನ ಹಾಸಿಗೆ ನನ್ನ ಪಾಲಿಗೆ ಬಂತು. ಫ್ಯಾನು ನಿಂತು ವಾರ್ಡು ಒಲೆಯಂತಾಗಿತ್ತು. ಪರದೆ ಎಳೆದಿತ್ತು, ನಾವಿಬ್ಬರೇ. ಲಯ ತಪ್ಪದಿರಲೆಂದು, ಒತ್ತುವಾಗ "ಅಜ್ಜಯ್ಯಾ", ಬಿಡುವಾಗ "ಕಾಪಾಡು" ಎನ್ನುತ್ತ ಹೋದೆ. ಗುಡಿಗೆ ಹೋಗಬಾರದವಳು, ಬಾಯಲ್ಲಿ ಹೆಸರು ಹೇಳಬಹುದೋ ಇಲ್ಲವೋ ಎಂದು ಯೋಚಿಸಲು ಆಗ ಪುರುಸೊತ್ತಿರಲಿಲ್ಲ.

ಹೇಳುತ್ತ ಹೇಳುತ್ತ ಬೇರೆ ಮಾತು ಬಾಯಿಗೆ ಬಂತು. ನಾನು ಬೇಕೆಂದು ಆಡಿದ್ದಲ್ಲ. "ಅಜ್ಜಯ್ಯಾ, ಈ ಕೈ ಮೈಲಿಗೆ. ಒಂದು ಕೂಸನ್ನ ತಿಂದ ಕೈ. ನನ್ನನ್ನ ಯಾರೂ ಮುಟ್ಟವಲ್ರು. ಒಬ್ರಾದ್ರೂ ಮುಟ್ಟಲಿ. ಒಬ್ರು ಸಾಕು. ಇಲ್ಲಾಂದ್ರೆ ನನ್ನನ್ನ ಇಲ್ಲಿಂದ ಕಳಿಸಿಬಿಡು." ಅತ್ತುಕೊಂಡೇ ಒತ್ತುತ್ತಿದ್ದೆ. ಕಣ್ಣು ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಕರೆಂಟು ಬಂತು, ಯಂತ್ರ ಜೋಡಿಸಿದೆ, ಮುಖ ತೊಳೆದು ಬಂದೆ. ನನ್ನ ಮಾತು ಅಜ್ಜಯ್ಯನಿಗೆ ಮುಟ್ಟಿತೆಂದು ಅನ್ನಿಸಲಿಲ್ಲ. ಹರಿಹರದ ಕೋಣೆಯ ಬೀಗ ತೆಗೆದಾಗ ಎಂದಿನ ಹಾಗೆಯೇ ಕತ್ತಲೆ ಇತ್ತು.

ಮುಂದಿನ ದಿನಗಳಲ್ಲಿ ಗೌರಮ್ಮನ ಬೆರಳು ಅಲುಗಿತು. ನಮಗೆ ಖುಷಿಯಾಯಿತು. ಆಮೇಲೆ ಕೈ ಎತ್ತಿದರು. ರೆಪ್ಪೆ ಇನ್ನೂ ತೆರೆದಿರಲಿಲ್ಲ. ಕೈ ಮಾತ್ರ ಮತ್ತೆ ಮತ್ತೆ ಎದೆಯ ಮೇಲೆ ತಡಕಾಡುತ್ತ ಕೊರಳಿನ ಕಡೆ ಹೋಗುತ್ತಿತ್ತು. ಬಾಯಲ್ಲಿರುವ ಕೊಳವೆಯನ್ನು ರೋಗಿ ಕಿತ್ತುಕೊಂಡರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಎರಡೂ ಕೈಗಳನ್ನು ಬ್ಯಾಂಡೇಜಿನಿಂದ ಮಂಚಕ್ಕೆ ಕಟ್ಟಿದೆವು. ಕಟ್ಟಿದ ಮೇಲೆ ಅವರು ಇನ್ನಷ್ಟು ಒದ್ದಾಡಿದರು. ಎದೆಬಡಿತ ಏರಿತು, ಯಂತ್ರ ಕೂಗತೊಡಗಿತು. ಹೀಗೇ ಆದರೆ ಬಂದ ಜೀವ ಮತ್ತೆ ಹೋದೀತು ಎಂದು ಎಲ್ಲರಿಗೂ ಭಯವಾಯಿತು.

ಭೇಟಿಯ ಹೊತ್ತಿಗೆ ನೀಲಾ ಒಳಗೆ ಬಂದಳು. ಕಟ್ಟಿದ ಕೈ ನೋಡಿ ಬಾಯಿ ಮುಚ್ಚಿಕೊಂಡಳು.

"ಯಾಕ್ರೀ ಕಟ್ಟೀರಿ?"

"ಕೊಳವೆ ಕೀಳಾಕೆ ಹೋಗ್ತಾರಮ್ಮ," ಎಂದೆ.

ಅವಳು ತಾಯಿಯ ಬೆರಳುಗಳನ್ನು ನೋಡುತ್ತ ನಿಂತಳು. ಆಮೇಲೆ, "ಕೊಳವೆ ಅಲ್ಲ ಸಿಸ್ಟರ್. ಲಿಂಗ ಹುಡುಕ್ತಾಳೆ. ಸಣ್ಣಾಕಿ ಇದ್ದಾಗಿಂದ ಒಂದ್ ದಿನ ಬಿಟ್ಟಿಲ್ಲ. ಮೈಮ್ಯಾಲೆ ಲಿಂಗ ಇಲ್ಲಾಂದ್ರೆ ಆಕಿ ಲೆಕ್ಕಕ್ಕೆ ಸತ್ತಂಗೆ," ಎಂದಳು. ಸೆರಗಿನ ಗಂಟಿನಲ್ಲಿ ಆ ಕರಡಿಗೆ ಇತ್ತು. ನೆಲಕ್ಕೆ ಇಡಬಾರದೆಂದು, ಹೊರಗಿನ ಬೆಂಚಿನ ಮೇಲೆ ಅಷ್ಟು ದಿನವೂ ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದಳಂತೆ.

ಫಿಲೋಮಿನಾ ಸಿಸ್ಟರ್ ಡಾಕ್ಟರನ್ನು ಕೇಳಿ ಬಂದರು. "ಸ್ಪಿರಿಟ್‌ನಲ್ಲಿ ಒರೆಸಿ ಕಟ್ಟಲಿ. ರತ್ನಾ, ನೀನು ಕೈ ಬಿಚ್ಚು. ಕೊಳವೆ ನಾನು ಹಿಡ್ಕೊಳ್ತೇನೆ."

ಕೈ ಬಿಚ್ಚಿದೆ. ನೀಲಾ ಕರಡಿಗೆಯ ದಾರವನ್ನು ತಾಯಿಯ ಕೊರಳಿಗೆ ಕಟ್ಟಿದಳು. ಗೌರಮ್ಮನ ಬಲಗೈ ಎದೆಯ ಮೇಲೆ ಬಂದು, ಬೆಳ್ಳಿಯನ್ನು ಹಿಡಿದುಕೊಂಡು, ನಿಂತುಬಿಟ್ಟಿತು. ಕೊಳವೆಯ ಹತ್ತಿರಕ್ಕೂ ಹೋಗಲಿಲ್ಲ. ಯಂತ್ರದ ಕೂಗು ಇಳಿಯಿತು.

ನಾನು ಬ್ಯಾಂಡೇಜು ಸುತ್ತಿಡಲು ಬಾಗಿದೆ. ಆಗ ಅವರ ಎಡಗೈ ಹಾಸಿಗೆಯ ಮೇಲೆ ಹರಿದಾಡುತ್ತ ಬಂದು ನನ್ನ ಮಣಿಕಟ್ಟನ್ನು ಹಿಡಿಯಿತು. ಹಿಡಿದು ಎಳೆಯಿತು. ನಿತ್ರಾಣದ ಕೈ, ಆದರೂ ಎಳೆಯಿತು. ನನ್ನ ಕೈಯನ್ನು ಕರಡಿಗೆಯ ಮೇಲೆ ಇಟ್ಟು, ಮೇಲೆ ತಮ್ಮ ಎರಡೂ ಕೈ ಇಟ್ಟುಕೊಂಡರು.

"ಅವ್ವಾ! ಬ್ಯಾರೇರು ಮುಟ್ಟಂಗಿಲ್ಲಲ್ಲೇ ಅದನ್ನ!" ಎಂದಳು ನೀಲಾ.

"ಬಿಡ್ರಿ ಅಮ್ಮ, ಬಿಡ್ರಿ," ಎಂದು ನಾನು ಕೊಸರಿದೆ. ಅಂದು ಬೆಳಿಗ್ಗೆಯೇ ಮೂಲೆಯ ಹಾಸಿಗೆಯ ಹೆಣ ತೊಳೆದಿದ್ದೆ. ಅದನ್ನು ಬಾಯಿಬಿಟ್ಟೂ ಹೇಳಿದೆ. ಅವರು ಬಿಡಲಿಲ್ಲ. ನನ್ನ ಎರಡು ಜೊತೆ ಕೈಗವಸಿನ ಆಚೆಯಿಂದ ಅವರ ಅಂಗೈಯ ಬಿಸಿ ಹತ್ತುತ್ತಿತ್ತು. ಫಿಲೋಮಿನಾ ಸಿಸ್ಟರ್ ನನ್ನ ಮುಖ ನೋಡಿದರು. "ನಿಲ್ಲು. ಬೇರೆ ಕೆಲಸ ಇನ್ಯಾರಾದರೂ ಮಾಡ್ತಾರೆ," ಎಂದರು. ನಾನು ನಿಂತೆ. ಏನಾಗುತ್ತಿದೆಯೆಂದು ನನಗೆ ಆಗ ತಿಳಿಯಲಿಲ್ಲ.

ತಿಳಿದದ್ದು ಕೊಳವೆ ತೆಗೆದ ಮೇಲೆ. ಗೌರಮ್ಮನ ದನಿ ಗರಗಸದ ಹಾಗಿತ್ತು. ಮೊದಲು ಕೇಳಿದ್ದು ನೀರು. ಎರಡನೆಯದು, "ಈ ಬೆಡ್ ಖಾಲಿ ಆಗ್ತೈತೆ ಅಂದಾಕಿ ಎಲ್ಲಿ? ಕರೀರಿ, ಇನ್ನೂ ಖಾಲಿ ಆಗಿಲ್ಲ ಅನ್ನನ." ಕನ್ನಡಕದ ಹುಡುಗಿ ಹಾಸಿಗೆಯ ಹಿಂದೆ ನಿಂತು ಅತ್ತೇಬಿಟ್ಟಳು. ಗೌರಮ್ಮ ನಕ್ಕು ಕೆಮ್ಮಿದರು.

ವಿಷದಿಂದ ಮೈಯೆಲ್ಲ ಕಟ್ಟಿಹೋದರೂ ಅವರಿಗೆ ಕಿವಿ ಕೇಳುತ್ತಿತ್ತು, ಅರಿವೂ ಇತ್ತು. ಕಣ್ಣು ತೆರೆಯಲಾರದೆ, ಕೂಗಲಾರದೆ, ಒಬ್ಬರೇ ಒಳಗಿದ್ದರು. ನಾವು ಆಡಿದ್ದೆಲ್ಲ ಅವರಿಗೆ ಗೊತ್ತಿತ್ತು.

ಎಲ್ಲರೂ ಆಚೆ ಹೋದ ಮೇಲೆ ನನ್ನನ್ನು ಹತ್ತಿರ ಕರೆದರು.

"ದನಿ ಗುರ್ತೈತೆ ನಂಗೆ. ನೀನಲ್ಲೇನವ್ವ, ಅಜ್ಜಯ್ಯನ ಹೆಸ್ರು ಹೇಳಿ ಅಳ್ತಿದ್ದಾಕಿ?"

ನಾನು ತಲೆಯಾಡಿಸಿದೆ.

"ಯಾರಾರ ಮುಟ್ಟಲಿ ಅಂದ್ಯಲ್ಲ. ನಂಗೆ ಎದ್ದು ಹಿಡ್ಕಳಾಕೆ ಕೈ ಬರವಲ್ದು. ಕೈ ಬಂದ ಕೂಡ್ಲೇ ಎಲ್ಡೇ ಹುಡುಕಿದ್ದು ನೋಡು. ಒಂದು ನನ್ ಲಿಂಗ, ಇನ್ನೊಂದು ನೀನು."

"ಅಮ್ಮ, ನನ್ನ ಕೈ..." ಎಂದೆ.

"ಕರೆಂಟ್ ಹೋದಾಗ ನನ್ ಉಸುರು ಎಲ್ಲಿತ್ತವ್ವ? ಈ ಕೈಯಾಗಿತ್ತು. ಈ ಕೈ ಮೈಲಿಗಿ ಅಂದ್ರೆ ನನ್ ಉಸುರೂ ಮೈಲಿಗಿ ಏನು? ತೆಗಿ ಅದನ್ನ."

ಕೈಗವಸು ತೆಗೆಯಲು ಹೇಳಿದ್ದು. ಒಂದು ಜೊತೆ ತೆಗೆದೆ. "ಅಯ್ಯ, ಇನ್ನೊಂದೈತಾ? ಏನ್ ಉಳ್ಳಾಗಡ್ಡಿ ಸಿಪ್ಪೀನಾ!" ಎಂದರು. ಇನ್ನೊಂದನ್ನೂ ತೆಗೆದೆ. ಬೆವರಿನಿಂದ ಬೆಳ್ಳಗೆ ಸುಕ್ಕಾಗಿದ್ದ ನನ್ನ ಕೈಯನ್ನು ಅವರು ಹಿಡಿದುಕೊಂಡರು. ಹದಡಿಯ ಆ ಕೂಸಿನ ನಂತರ ನನ್ನ ಬರಿಗೈಯನ್ನು ಹಿಡಿದವರು ಅವರೇ.

ಗೌರಮ್ಮ ನಡೆದಾಡುವಂತಾದ ಮೇಲೆ ಬಂದ ಅಮಾವಾಸ್ಯೆಗೆ ಹರಿಹರದ ನಿಲ್ದಾಣದಲ್ಲಿ ನನಗಾಗಿ ಕಾಯುತ್ತಿದ್ದರು. ಉಕ್ಕಡಗಾತ್ರಿಯ ಬಸ್ಸಿನಲ್ಲಿ ಅಭ್ಯಾಸಬಲದಿಂದ ಪಕ್ಕದ ಸೀಟಿನ ಮೇಲೆ ಚೀಲ ಇಟ್ಟೆ. "ಅದೇನು ನಿನ್ ಗಂಡನಾ, ಸೀಟು ಹಿಡಿಯಾಕೆ? ತೆಗಿ," ಎಂದು ಚೀಲವನ್ನು ನನ್ನ ಮಡಿಲಿಗೆ ಹಾಕಿ ಒತ್ತಿಕೊಂಡು ಕೂತರು. ಹೊಳೆಯಲ್ಲಿ ಮಿಂದೆವು. ಗುಡಿಯ ಮುಂದೆ ನನ್ನ ಕಾಲು ನಿಂತಿತು. ಆ ವಾರವೂ ವಾರ್ಡಿನಲ್ಲಿ ಸಾವಾಗಿತ್ತು.

"ಲಿಂಗ ಕಟ್ಟೋ ನಮಗೇ ಸೂತಕಿಲ್ಲ. ಅಜ್ಜಯ್ಯಂಗೆ ಇರ್ತೈತೇನು? ನಡಿ," ಎಂದು ಗೌರಮ್ಮ ಮೆಟ್ಟಿಲು ಹತ್ತಿದರು. ನಾನು ಹಿಂದೆ ಹತ್ತಿದೆ. ಗದ್ದುಗೆಯ ಮುಂದೆ ನಿಂತಾಗ ಬೇಡಿಕೊಳ್ಳಲು ಏನೂ ನೆನಪಾಗಲಿಲ್ಲ. ಗುಡಿಯಿಂದ ದೂರ ನಿಂತವಳ ಮಾತನ್ನು ಅಜ್ಜಯ್ಯ ಆಸ್ಪತ್ರೆಯ ಪರದೆಯೊಳಗೇ ಕೇಳಿದ್ದ. ಕೇಳಿ, ಅಲುಗಲಾರದೆ ಮಲಗಿದ್ದವರೊಬ್ಬರಿಗೆ ಅದನ್ನು ಒಪ್ಪಿಸಿದ್ದ. ಇದಕ್ಕಿಂತ ಬೇರೆ ರೀತಿಯಲ್ಲಿ ನನಗೆ ಅರ್ಥ ಮಾಡಿಕೊಳ್ಳಲು ಬರುವುದಿಲ್ಲ.

ಕೆಲಸ ಬಿಡಲಿಲ್ಲ. ಈಗ ನಮ್ಮ ವಾರ್ಡಿನಲ್ಲಿ ಲಿಂಗವನ್ನಾಗಲಿ ತಾಯಿತವನ್ನಾಗಲಿ ಕೇಳದೆ ತೆಗೆಯುವುದಿಲ್ಲ; ಒರೆಸಿ, ತೆಳು ಬ್ಯಾಂಡೇಜ್ ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟುತ್ತೇವೆ. ಕೈ ಕಟ್ಟುವ ಮೊದಲು ಮನೆಯವರನ್ನು ಒಳಗೆ ಕರೆದು, ಇವರು ಏನು ಹುಡುಕುತ್ತಿರಬಹುದು ಎಂದು ಕೇಳುತ್ತೇವೆ. ಒಂದು ಹಾಸಿಗೆಯಲ್ಲಿ ಸಾವಾದರೆ, ಆ ಹಾಸಿಗೆ ನೋಡುತ್ತಿದ್ದ ನರ್ಸನ್ನು ಫಿಲೋಮಿನಾ ಸಿಸ್ಟರ್ ತಕ್ಷಣ ಬೇರೆ ರೋಗಿಗೆ ಹಾಕುವುದಿಲ್ಲ. ಒಬ್ಬರು ಅವಳ ಜೊತೆ ಕೂತು ಚಹಾ ಕುಡಿಯಬೇಕು. ಮಾತಾಡಬೇಕೆಂದೇನಿಲ್ಲ. ಕನ್ನಡಕದ ಹುಡುಗಿಗೆ ಮೊದಲ ಸಾವು ಬಂದಾಗ ಜೊತೆಗೆ ಕೂತವಳು ನಾನು.

ಹದಡಿಯಿಂದ ಇನ್ನೂ ಕರೆ ಬಂದಿಲ್ಲ. ಅದನ್ನೂ ಅಜ್ಜಯ್ಯನ ಪಾದದಲ್ಲಿಟ್ಟಿದ್ದೇನೆ. ಹರಿಹರದ ಕೋಣೆಯಲ್ಲಿ ಈಗಲೂ ಒಬ್ಬಳೇ. ಬೀಗ ತೆಗೆದರೆ ಅದೇ ಕತ್ತಲೆ. ದೀಪ ಹಚ್ಚಿ, ಅವನ ಪಟದ ಮುಂದೆ ಎರಡೂ ಕೈ ಜೋಡಿಸುತ್ತೇನೆ. ಮೊದಲು ಆ ಕೈಗಳನ್ನು ಪಟದ ಹತ್ತಿರ ತರುತ್ತಿರಲಿಲ್ಲ.

ಬೆಳಿಗ್ಗೆ ಡ್ಯೂಟಿಗೆ ಹೋದ ಕೂಡಲೇ, ಕಣ್ಣು ಮುಚ್ಚಿ ಮಲಗಿರುವವರ ಹತ್ತಿರ ಹೋಗಿ, ಕೈಗವಸು ತೊಡುವ ಮೊದಲು ಅವರ ಕೈ ಹಿಡಿಯುತ್ತೇನೆ. "ನಾನು ರತ್ನ. ಬಂದೀನಿ. ಇಲ್ಲೇ ಇರ್ತೀನಿ," ಎನ್ನುತ್ತೇನೆ. ಉತ್ತರ ಬರುವುದಿಲ್ಲ. ಕೇಳಿಸುತ್ತಿದೆ ಎಂದು ನಂಬಿದ್ದೇನೆ.