ಹಮೀದಾಕನ ಸ್ಟಾಪ್ ಬಟನ್

ಬೆಳಿಗ್ಗೆ ಒಂಬತ್ತು ಗಂಟೆಗೆ ಹಮೀದಾಕನ ಅಂಗಡಿಯಿಂದ ಎರಡು ಸ್ವರ ಕೇಳಿಸುತ್ತಿತ್ತು. ಎರಡೂ ಅವರದೇ. ಮೊದಲನೆಯದು ಕ್ಯಾಸೆಟ್ಟಿನೊಳಗಿನ ಇಪ್ಪತ್ತೆಂಟರ ಪ್ರಾಯದ ಸ್ವರ. ಅದು ಬ್ಯಾರಿ ಭಾಷೆಯಲ್ಲಿ, "ಹಲೋ, ಹಲೋ, ಅಸ್ಸಲಾಮು ಅಲೈಕುಂ ಐಸಮ್ಮಾ, ನಾನು ಹಮೀದ್ ಮಾತಾಡುವುದು" ಎನ್ನುತ್ತಿತ್ತು. ಎರಡನೆಯದು ಎಪ್ಪತ್ತು ದಾಟಿದ ಸ್ವರ. "ಗೊತ್ತುಂಟು ಮಾರಾಯ, ಬೇರೆ ಯಾರು ಮಾತಾಡುವುದು!" ಎಂದು ಅದು ಗದರಿಸುತ್ತಿತ್ತು. ಆಮೇಲೆ ಟಕ್ ಎಂದು ಸ್ಟಾಪ್ ಬಟನ್ ಒತ್ತಿದ ಸದ್ದು. ನಾನು ಪಾಠ ಮಾಡುವ ಶಾಲೆಗೆ ಹೋಗುವ ದಾರಿ ಆ ಮೆಟ್ಟಿಲಿನ ಬುಡದಿಂದಲೇ. ಮುಖ ನೋಡುವ ಮೊದಲೇ ನಾನು ಈ ಮನುಷ್ಯನ ಎರಡು ಪ್ರಾಯವನ್ನೂ ಕೇಳಿದ್ದೆ.

ಅದು ಅವರ ಟೆಸ್ಟ್ ಕ್ಯಾಸೆಟ್. ಟೇಪ್ ಡೆಕ್ ಸರಿಯಾದ ಸ್ಪೀಡಿನಲ್ಲಿ ಓಡುತ್ತದೆಯೇ, ಹೆಡ್ಡಿನಲ್ಲಿ ಕೊಳೆ ಕೂತಿದೆಯೇ ಎಂದು ದಿನಾ ಅರ್ಧ ನಿಮಿಷ ಹಾಕಿ ನೋಡುವುದು. "ಗಿರಾಕಿಗಳ ಕ್ಯಾಸೆಟ್ ಹಾಕಿ ಟೆಸ್ಟ್ ಮಾಡ್ಲಿಕ್ಕೆ ಆಗ್ತದಾ ಟೀಚರ್? ಡೆಕ್ ರೀಲು ತಿಂದ್ರೆ ಎಂತ ಮಾಡುವುದು? ನನ್ನ ಬಡಬಡಿಕೆ ತಿಂದ್ರೆ ಅಜೀರ್ಣ ಆಗುವುದು ಡೆಕ್ಕಿಗೇ" ಎಂದು ಒಮ್ಮೆ ವಿವರಿಸಿದ್ದರು.

ಕೊಡಿಯಾಲ್‌ಬೈಲಿನಲ್ಲಿ ಎರಡು ಅಪಾರ್ಟ್‌ಮೆಂಟುಗಳ ನಡುವೆ ಸಿಕ್ಕಿಬಿದ್ದ ಹಳೆಯ ಹಂಚಿನ ಕಟ್ಟಡದ ಮಾಳಿಗೆಯಲ್ಲಿ ಅವರ ಒಂದೇ ಕೋಣೆಯ ಅಂಗಡಿ. ಮದುವೆಯ ವಿಡಿಯೋ ಕ್ಯಾಸೆಟ್, ತೀರಿಹೋದವರ ಸ್ವರ ಇರುವ ಆಡಿಯೋ ಕ್ಯಾಸೆಟ್, ಯಾರಿಗೂ ತೆರೆಯಲಾಗದ ಹಳೆ ಸಿಡಿ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿ, ಈಗಿನ ಫೋನಿನಲ್ಲಿ ಓಡುವ ಹಾಗೆ ಮಾಡಿಕೊಡುವುದು ಕೆಲಸ. ಕಂಪ್ಯೂಟರಿನಲ್ಲಿದ್ದದ್ದು ಲಿನಕ್ಸ್. ಉಳಿದ ತಂತ್ರಾಂಶಗಳೂ ಅಂಥವೇ, ಯಾರು ಬೇಕಾದರೂ ತೆರೆದು ನೋಡಬಹುದಾದವು. "ಪುಕ್ಕಟೆ ಅಂತ ಅಲ್ಲ ಟೀಚರ್. ಒಳಗೆ ಎಂತ ಉಂಟು ಅಂತ ನಮಗೆ ತೋರಿಸ್ತಾರೆ. ಬಾಗಿಲು ಹಾಕುವುದಿಲ್ಲ ಅವರು" ಎಂದು ಸ್ವಂತ ತಮ್ಮಂದಿರ ಬಗ್ಗೆ ಹೇಳುವಂತೆ ಹೇಳುತ್ತಿದ್ದರು.

ವಿಎಲ್‌ಸಿ ಪ್ಲೇಯರಿಗೆ ಅವರು ಇಟ್ಟ ಹೆಸರು ನಂತೂರು. ಅದರ ಗುರುತು ಪೊಲೀಸರು ರಸ್ತೆಗೆ ಅಡ್ಡ ಇಡುವ ಕಿತ್ತಳೆ ಬಣ್ಣದ ಕೋನು, ನಮ್ಮ ಊರಿನ ನಂತೂರು ಸರ್ಕಲ್ಲಿನಲ್ಲಿ ಅಂಥ ಕೋನುಗಳಿಗೆ ಬರವಿಲ್ಲ. "ಬೇರೆ ಪ್ಲೇಯರಿನಲ್ಲಿ ಈ ಫೈಲು ಆಗುವುದಿಲ್ಲ, ಆ ಫೈಲು ಆಗುವುದಿಲ್ಲ ಅಂತ ನೂರೆಂಟು ಉಪದ್ರ. ನಂತೂರಿನಲ್ಲಿ ಹಾಗಿಲ್ಲ. ಲಾರಿ, ಬಸ್ಸು, ಟೆಂಪೋ ಎಂತ ಬಂದ್ರೂ ದಾಟಿಸಿ ಬಿಡ್ತದೆ." ಗಿರಾಕಿಗಳಿಗೆ ಫೋನಿನಲ್ಲಿ, "ಅದನ್ನು ನಂತೂರಿನಲ್ಲಿ ಓಪನ್ ಮಾಡಿ ಮಾರಾಯ್ರೆ" ಎನ್ನುವಾಗ ಆ ಕಡೆಯವರಿಗೆ ಏನೆನಿಸುತ್ತಿತ್ತೋ ದೇವರಿಗೇ ಗೊತ್ತು.

ಗೋಡೆಯ ಮೇಲೆ ದೇವರ ವಾಕ್ಯದ ಕೆಳಗೆ ಒಂದು ಕಾಗದ ಅಂಟಿಸಿದ್ದರು. ಹಳೆ ಕ್ಯಾಮೆರಾದ ಮದುವೆ ಫೈಲೊಂದು, ಫೈಲಿನ ರೂಪ ಬದಲಿಸುವ ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶದಲ್ಲಿ ಅರ್ಧಕ್ಕೆ ನಿಲ್ಲುತ್ತಿತ್ತಂತೆ. ಇವರು ತಮಗೆ ಬಂದ ಇಂಗ್ಲಿಷಿನಲ್ಲಿ ಅದನ್ನು ಮಾಡಿದವರಿಗೆ ಬರೆದು ಹಾಕಿದರು. ಯಾವುದೋ ದೇಶದ ಯಾರೋ ಒಬ್ಬ ಅದನ್ನು ಸರಿಮಾಡಿ, "ಥ್ಯಾಂಕ್ಸ್ ಹಮೀದ್" ಎಂದು ಉತ್ತರ ಕೊಟ್ಟ. ಆ ಕಾಗದ ಅದರದೇ ಪ್ರಿಂಟು. ಬಂದವರಿಗೆಲ್ಲ ತೋರಿಸುತ್ತಿದ್ದರು. "ಅವನಿಗೆ ನಾನು ಯಾರು? ಆದ್ರೂ ಉತ್ತರ ಕೊಟ್ಟ ನೋಡಿ" ಎನ್ನುವಾಗ ಅವರ ಮುಖದಲ್ಲಿದ್ದ ಖುಷಿಗೆ ಕಾರಣ ನನಗೆ ಆಗ ಅರ್ಥವಾಗಿರಲಿಲ್ಲ. ಮಕ್ಕಳಿಲ್ಲದ ಮನುಷ್ಯ. ಹೆಂಡತಿ ಐಸಮ್ಮ ತೀರಿಹೋಗಿ ತುಂಬಾ ವರ್ಷಗಳಾಗಿದ್ದವು. ಮನೆಗೆ ಹೋದರೆ ಉತ್ತರ ಕೊಡುವವರು ಯಾರೂ ಇರಲಿಲ್ಲ. ಮಣ್ಣಗುಡ್ಡೆಯಲ್ಲಿ ನನ್ನ ಮನೆಯ ಕಥೆಯೂ ಅದೇ ಆದ್ದರಿಂದ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಆ ಮೆಟ್ಟಿಲು ಹತ್ತುವುದು ನನಗೆ ರೂಢಿಯಾಯಿತು.

ಊರಿನ ಅರ್ಧ ಜನರ ಅಪ್ಪ ಅಮ್ಮಂದಿರ ಸ್ವರವನ್ನು ಉಳಿಸಿಕೊಟ್ಟವರ ಹತ್ತಿರ ಐಸಮ್ಮನ ಸ್ವರ ಒಂದು ಶಬ್ದದಷ್ಟೂ ಇರಲಿಲ್ಲ. ಇದ್ದದ್ದು ಒಂದು ಫೋಟೋ ಮಾತ್ರ. ಅದರಲ್ಲೂ ಆಕೆ ಬಾಯಿ ಬಿಗಿದುಕೊಂಡು ನಿಂತಿದ್ದರು. ಹಮೀದಾಕ ಗಲ್ಫಿನ ದಮಾಮಿನಲ್ಲಿದ್ದ ಕಾಲಕ್ಕೆ ಫೋನು ದೊಡ್ಡವರ ಮನೆಯ ವಸ್ತು. ಗಲ್ಫಿಗೆ ಹೋದವರು ಕ್ಯಾಸೆಟ್ಟಿನಲ್ಲಿ ಮಾತಾಡಿ, ಊರಿಗೆ ಹೊರಟವರ ಕೈಯಲ್ಲಿ ಕಳಿಸುತ್ತಿದ್ದರು. ಮನೆಯವರು ಕೇಳಿದ ಮೇಲೆ ಅದನ್ನೇ ಹಿಂದಕ್ಕೆ ಸುತ್ತಿ, ಅದರ ಮೇಲೆಯೇ ತಮ್ಮ ಉತ್ತರ ತುಂಬಿ ವಾಪಸು ಕಳಿಸುವುದು. ಒಂದೇ ಕ್ಯಾಸೆಟ್ ವರ್ಷಗಟ್ಟಲೆ ಸಮುದ್ರ ದಾಟುತ್ತಿತ್ತು. ಹೊಸ ಮಾತು ಬಂದ ಹಾಗೆ ಹಳೆ ಮಾತು ಅಳಿಯುತ್ತಿತ್ತು. "ಅವಳು ಮಾತಾಡಿದ್ದನ್ನೆಲ್ಲ ನಾನೇ ನನ್ನ ಬಾಯಿಂದ ಅಳಿಸಿದ್ದು ಟೀಚರ್. ಕಡೆಗೆ ಫೋನು ಬಂತು, ಕ್ಯಾಸೆಟ್ ನಿಂತಿತು. ಮನೆಯಲ್ಲಿ ಉಳಿದದ್ದು ನಾನು ಕಳಿಸಿದ್ದು ಮಾತ್ರ. ನನ್ನ ಸ್ವರ ನನಗೆ ಎಂತಕ್ಕೆ?" ಇದನ್ನು ಹೇಳುವಾಗ ಅವರು ನಗುತ್ತಿದ್ದರು, ನನಗೆ ನಗು ಬರುತ್ತಿರಲಿಲ್ಲ.

ಅಮ್ಮ ತೀರಿಹೋದ ಎರಡು ವರ್ಷಕ್ಕೆ ಅವಳ ಪೆಟ್ಟಿಗೆಯಲ್ಲಿ ನನಗೂ ಒಂದು ಕ್ಯಾಸೆಟ್ ಸಿಕ್ಕಿತು. ನನ್ನ ಅಪ್ಪ ಬಹ್ರೈನಿನಲ್ಲಿದ್ದಾಗ ಕಳಿಸಿದ್ದು. ಪುಣೆಯಲ್ಲಿರುವ ತಮ್ಮನಿಗೆ ವಾಟ್ಸಾಪಿನಲ್ಲಿ ಕಳಿಸುವ ಆಸೆಯಿಂದ ಹಮೀದಾಕನಿಗೆ ಕೊಟ್ಟೆ. ಅಂದು ಇಬ್ಬರೂ ಕೂತು ಕೇಳಿದೆವು. ಅಪ್ಪ ಯಾರ್ಯಾರ ಕ್ಷೇಮವನ್ನೋ ವಿಚಾರಿಸಿ, ತೆಂಗಿನಕಾಯಿ ತೆಗೆಸಿದ್ದೀರಾ ಎಂದು ಕೇಳಿ, ಹದಿನೆಂಟು ನಿಮಿಷಕ್ಕೆ ಮಾತು ಮುಗಿಸಿದರು. ಸ್ಟಾಪ್ ಒತ್ತಬೇಕಾದ ಹಮೀದಾಕ ಅಷ್ಟರಲ್ಲಿ ಫೋನಿನಲ್ಲಿ ಯಾರಿಗೋ ನಂತೂರಿನ ದಾರಿ ಹೇಳುತ್ತಿದ್ದರು. ರೀಲು ತನ್ನಷ್ಟಕ್ಕೆ ಓಡಿತು. ಟಪ್ ಎಂದು ಒಂದು ಸದ್ದಾಗಿ, ಸ್ಪೀಕರಿನಿಂದ ನನ್ನ ಅಮ್ಮನ ಸ್ವರ ಬಂತು. "ಬಲ, ಪಪ್ಪಡ ಪಾತೆರ್." ಬಾ, ಅಪ್ಪನ ಹತ್ತಿರ ಮಾತಾಡು ಎಂದು ಯಾರನ್ನೋ ತುಳುವಿನಲ್ಲಿ ಕರೆಯುತ್ತಿದ್ದಳು. ಮಗುವೊಂದು ಮೈಕಿನ ಹತ್ತಿರ ಬಂದು ಉಸಿರಾಡಿತೇ ಹೊರತು ಮಾತಾಡಲಿಲ್ಲ. ಆ ಮಗು ನಾನೇ. ನಾನು ನಾಚಿಕೆಯನ್ನೆಲ್ಲ ಬಿಟ್ಟು ಅತ್ತೆ.

ಹಮೀದಾಕ ಫೋನನ್ನು ಕಿವಿಯಿಂದ ಇಳಿಸಿ ನಿಂತಲ್ಲೇ ನಿಂತಿದ್ದರು. "ನಿಮ್ಮ ಅಮ್ಮ ಮೊದಲು ಮಾತಾಡಿದ್ದು ಉದ್ದ ಇತ್ತು. ಅಪ್ಪನ ಉತ್ತರ ಗಿಡ್ಡ ಆಯ್ತು. ಮಿಕ್ಕಿದ್ದು ಅಳಿಯದೆ ಹಿಂದೆ ಉಳಿದಿದೆ" ಎಂದು ತಮಗೆ ತಾವೇ ಪಾಠ ಹೇಳಿಕೊಂಡಂತೆ ಹೇಳಿದರು. ಆಮೇಲೆ ಮೇಜಿನ ಕೆಳಗಿನ ಡ್ರಾಯರ್ ಎಳೆದು ತೋರಿಸಿದರು. ಅದರ ತುಂಬಾ ಕ್ಯಾಸೆಟ್ಟಿನ ಬಿಡಿಭಾಗಗಳು. ಸ್ಕ್ರೂ, ಸಣ್ಣ ಚಕ್ರ, ಸ್ಪಂಜಿನ ತುಂಡು.

"ಗಿರಾಕಿಗಳ ಕ್ಯಾಸೆಟ್ ಒಡೆದುಹೋಗಿದ್ರೆ ಹಾಕ್ಲಿಕ್ಕೆ ಬೇರೆ ಪಾರ್ಟು ಬೇಕಲ್ವಾ? ನನ್ನದನ್ನೇ ಬಿಚ್ಚಿದ್ದು. ಏಳು ಕ್ಯಾಸೆಟ್. ರೀಲು ಕಸಕ್ಕೆ ಹಾಕಿದೆ. ನನ್ನದೇ ಬಡಬಡಿಕೆ ಅಂತ."

ಡ್ರಾಯರ್ ಮುಚ್ಚುತ್ತ ಹೇಳಿದರು: "ಐಸಮ್ಮ ಯಾವಾಗಲೂ ನನಗಿಂತ ಹೆಚ್ಚು ಮಾತಾಡುವವಳು ಟೀಚರ್."

ನನ್ನ ಕಣ್ಣು ಟೆಸ್ಟ್ ಕ್ಯಾಸೆಟ್ಟಿನ ಮೇಲೆ ಬಿತ್ತು. ಅವರದೂ ಬಿತ್ತು. ಬಿಚ್ಚದೆ ಉಳಿದದ್ದು ಅದೊಂದೇ. ದಿನಾ ಅರ್ಧ ನಿಮಿಷ ಓಡಿದ್ದು ಬಿಟ್ಟರೆ ಅದರ ಕೊನೆಯವರೆಗೆ ಅವರು ಯಾವತ್ತೂ ಹೋಗಿರಲಿಲ್ಲ. "ಈಗಲೇ ಹಾಕಿ ನೋಡುವ" ಎಂದೆ.

"ಬೇಡ. ಅದರಲ್ಲೂ ಎಂತದೂ ಇಲ್ಲದಿದ್ರೆ? ಈಗ ಇರಬಹುದು ಅಂತಾದ್ರೂ ಉಂಟು."

ಮರುದಿನದಿಂದ ಮೆಟ್ಟಿಲಿನ ಬುಡದಲ್ಲಿ ಸ್ವರ ನಿಂತಿತು. ಟೆಸ್ಟ್ ಕ್ಯಾಸೆಟ್ಟನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟಿದ್ದರು. ಬೇರೆ ಕೆಲಸವೂ ಕುಂಟತೊಡಗಿತು. ಗಿರಾಕಿಗಳ ಕ್ಯಾಸೆಟ್ಟನ್ನು ಕೊನೆಯ ಇಂಚಿನವರೆಗೆ ಓಡಿಸದೆ ಬಿಡುತ್ತಿರಲಿಲ್ಲ. ಖಾಲಿ ಭಾಗ ಕತ್ತರಿಸಿ ಕೊಡಿ ಎಂದವರ ಮೇಲೆ ರೇಗುತ್ತಿದ್ದರು. ಎಂಪಿತ್ರೀ ಮಾಡಿದರೆ ಫೈಲು ಸಣ್ಣದಾಗುತ್ತದಲ್ಲ ಎಂದವರಿಗೆ, "ಕಿವಿಗೆ ಬೇಡದ್ದು ಅಂತ ಅದು ಸುಮಾರು ಬಿಸಾಡ್ತದೆ. ಬೇಡ ಅಂತ ಹೇಳ್ಲಿಕ್ಕೆ ಅದು ಯಾರು?" ಎಂದು ಜಗಳಕ್ಕೆ ನಿಲ್ಲುತ್ತಿದ್ದರು. ಜನ ಕಡಿಮೆಯಾದರು. ನನಗೂ ಸಿಟ್ಟು ಬರುತ್ತಿತ್ತು. ಇದೆಂಥ ಹೆದರಿಕೆ, ಹಾಕಿ ನೋಡಿದರೆ ಮುಗಿಯಿತಲ್ಲ ಎಂದು. ಆದರೆ ಅಮ್ಮನ ಆ ತುಣುಕನ್ನು ನಾನೂ ಎರಡನೇ ಸಲ ಕೇಳಿರಲಿಲ್ಲ.

ಎರಡು ತಿಂಗಳಾದ ಮೇಲೆ ಒಂದು ಶನಿವಾರ ನಾನು ಹೋದಾಗ ಅವರು ಬಿಳಿ ಅಂಗಿ ಹಾಕಿ ಕೂತಿದ್ದರು. ಡೆಕ್ಕಿಗೆ ಹೊಸ ಬೆಲ್ಟ್ ಹಾಕಿಯಾಗಿತ್ತು. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಹೆಡ್ಡನ್ನು ಮೂರು ಸಲ ಒರೆಸಿದರು. "ಮೊದಲು ಕಂಪ್ಯೂಟರಿಗೆ ಇಳಿಸುವುದು, ಮತ್ತೆ ಕೇಳುವುದು. ಹಳೆ ರೀಲು, ಎರಡನೇ ಸಲ ಓಡ್ತದೋ ಇಲ್ವೋ" ಎಂದು ಸ್ಪೀಕರ್ ಆಫ್ ಮಾಡಿದರು. ಪರದೆಯ ಮೇಲೆ ಅವರ ಮಾತಿನ ಗೆರೆ ಎದ್ದು ಬಿದ್ದು ಸಾಗಿತು. ಹತ್ತೊಂಬತ್ತನೇ ನಿಮಿಷಕ್ಕೆ ಮಾತು ನಿಂತು ಗೆರೆ ನೆಲಕ್ಕೆ ಮಲಗಿತು. ಹಮೀದಾಕ ಕಣ್ಣು ಮುಚ್ಚಿಕೊಂಡರು. ನಾನು ನೋಡುತ್ತಲೇ ಇದ್ದೆ. ಗೆರೆ ಮತ್ತೆ ಸ್ವಲ್ಪ ಹೊತ್ತು ಎದ್ದು ಬಿದ್ದಿತು, ಆಮೇಲೂ ಪೂರ್ತಿ ಮಲಗಲಿಲ್ಲ. ಸಣ್ಣ ಸಣ್ಣದಾಗಿ ಅಲುಗುತ್ತಿತ್ತು.

"ಹಮೀದಾಕ, ಎಂತದೋ ಉಂಟು."

ರೀಲು ಕೊನೆಯವರೆಗೆ ಇಳಿದ ಮೇಲೆ ಅವರು ಆ ಜಾಗಕ್ಕೇ ತಂದು ಹೆಡ್‌ಫೋನನ್ನು ನನ್ನ ಕಡೆ ಸರಿಸಿದರು. "ನೀವು ಕೇಳಿ. ನನ್ನ ಕೈಯಲ್ಲಿ ಆಗುವುದಿಲ್ಲ."

ಸಣ್ಣವಳಿದ್ದಾಗ ನಮ್ಮ ನೆರೆಮನೆ ಬ್ಯಾರಿಗಳದು, ಅವರ ಭಾಷೆ ನನಗೆ ಅರ್ಥವಾಗುತ್ತದೆ. ಹೆಡ್‌ಫೋನಿನಲ್ಲಿ ಒಬ್ಬ ಹೆಂಗಸು ತೀರಾ ಹತ್ತಿರದಿಂದ ಮಾತಾಡಿದಳು. ಸ್ವರ ಸ್ವಲ್ಪ ದೊರಗು. ಆಮೇಲೆ ಮಾತು ನಿಂತಿತು. ಮೀನು ಕೊಯ್ಯುವ ಕತ್ತಿಯ ಸದ್ದು, ಕಾಗೆ, ನೀರು ಚೆಲ್ಲಿದ್ದು, ಪಾತ್ರೆ ಸರಿಸಿದ್ದು, ನಡುವೆ ಯಾವುದೋ ರಾಗದ ಗುನುಗು. ಹೀಗೇ ಹನ್ನೊಂದು ನಿಮಿಷ, ರೀಲು ಮುಗಿಯುವವರೆಗೆ.

"ಎಂತ ಹೇಳ್ತಾಳೆ?" ಹಮೀದಾಕ ನನ್ನ ಮುಖವನ್ನೇ ನೋಡುತ್ತಿದ್ದರು.

ಹೇಳದೆ ಇರಲು ಸಾಧ್ಯವೇ? ಹೇಳಿದೆ. "ಹೇಳುವುದೆಲ್ಲ ಮುಗಿಯಿತು, ಸಲಾಂ ಕೂಡ ಹೇಳಿ ಆಯ್ತು. ಆದ್ರೆ ಕ್ಯಾಸೆಟ್ ಇನ್ನೂ ಉಂಟು. ನಾನು ಹೀಗೇ ಬಿಡ್ತೇನೆ. ನಾನು ಮೀನು ಕೊಯ್ತೇನೆ, ನೀವು ಅಲ್ಲೇ ಕೂತ್ಕೊಳ್ಳಿ. ಯಾವಾಗಿನ ಹಾಗೆ. ಆಫ್ ಮಾಡ್ಬೇಡಿ. ಹೀಗೆ ಹೇಳ್ತಾರೆ."

ಹಮೀದಾಕ ಡೆಕ್ಕಿನ ಸ್ಟಾಪ್ ಬಟನ್ನಿನ ಮೇಲೆ ಬೆರಳಿಟ್ಟು ತೆಗೆದರು. ಆಮೇಲೆ ಮೆಲ್ಲಗೆ ಹೇಳಿದರು: "ರೂಮಿನಲ್ಲಿ ನಾವು ಎಂಟು ಜನ, ಟೇಪ್ ರೆಕಾರ್ಡರ್ ಒಂದೇ. ಪ್ರತಿಯೊಬ್ಬನ ಕೈಯಲ್ಲೂ ಒಂದು ಕ್ಯಾಸೆಟ್ ಇರ್ತಿತ್ತು, ಹಿಂದೆ ನಿಂತು ಕಾಯ್ತಿದ್ರು. ಅವಳು ಸಲಾಂ ಹೇಳಿದ ಕೂಡ್ಲೇ ನಾನು ಸ್ಟಾಪ್ ಒತ್ತಿ ಎದ್ದುಬಿಡ್ತಿದ್ದೆ. ಬೇರೆಯವರನ್ನು ಕಾಯಿಸ್ಬಾರ್ದು ಅಂತ." ಬೆರಳನ್ನು ನೋಡಿಕೊಂಡರು. "ಯಾವಾಗಿನ ಹಾಗೆ ಅಂತ ಹೇಳಿದ್ಲಾ?"

ಹೌದೆಂದೆ.

"ಹಾಗಾದ್ರೆ ಎಲ್ಲ ಕ್ಯಾಸೆಟ್ಟಿನಲ್ಲೂ ಇತ್ತು."

ಅದನ್ನು ಅವರು ಫ್ಲ್ಯಾಕ್ ಮಾಡಿ ಇಟ್ಟರು. ಅದರಲ್ಲಿ ಒಂದು ಚೂರೂ ಬಿಟ್ಟುಹೋಗುವುದಿಲ್ಲವಂತೆ. ಕಪ್ಪು ಪರದೆಯಲ್ಲಿ ಎಫ್‌ಎಫ್‌ಎಂಪೆಗ್‌ನ ಒಂದು ಸಾಲು ಹೊಡೆಯಲು ಅವರಿಗೆ ಅಂದು ನಾಲ್ಕು ಸಲ ತಪ್ಪಿತು.

ಅಲ್ಲಿಂದ ಮುಂದೆ ಅಂಗಡಿಯಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಆ ಹನ್ನೊಂದು ನಿಮಿಷ ನಂತೂರಿನಲ್ಲಿ ಸುತ್ತುತ್ತಿತ್ತು, ಮುಗಿದರೆ ಮತ್ತೆ ಮೊದಲಿನಿಂದ. ಹಮೀದಾಕ ಅದರ ನಡುವೆಯೇ ಸ್ಕ್ರೂ ಬಿಚ್ಚುತ್ತ, ಚಾ ಕುಡಿಯುತ್ತ ಇರುತ್ತಿದ್ದರು. ಗಿರಾಕಿಗಳು ಇದೆಂಥ ಸದ್ದು ಎಂದು ಕೇಳಿದರೆ, "ಮನೆಯಲ್ಲಿ ಅಡುಗೆ ಆಗ್ತಾ ಉಂಟು" ಎನ್ನುತ್ತಿದ್ದರು. ಜನ ಮುಖ ಮುಖ ನೋಡಿಕೊಳ್ಳುತ್ತಿದ್ದರು. ನಾನು ಹೋದರೆ ಕುರ್ಚಿ ತೋರಿಸುತ್ತಿದ್ದರು. ಮಾತು ಬಹಳ ಇರುತ್ತಿರಲಿಲ್ಲ. ಇಬ್ಬರೂ ಕೂತು ಮೀನು ಕೊಯ್ಯುವುದನ್ನು ಕೇಳುತ್ತಿದ್ದೆವು. ಅಷ್ಟು ನೆಮ್ಮದಿಯ ಶನಿವಾರಗಳು ನನಗೆ ಮೊದಲೂ ಇರಲಿಲ್ಲ, ಆಮೇಲೂ ಸಿಗಲಿಲ್ಲ.

ಕೊನೆಯ ಸಲ ಹೋದಾಗ ಒಂದು ಪೆನ್‌ಡ್ರೈವ್ ಕೊಟ್ಟರು. "ಒಂದೇ ಕಡೆ ಇಟ್ರೆ ಹೆದರಿಕೆ ಆಗ್ತದೆ ಟೀಚರ್. ನಿಮ್ಮಲ್ಲೊಂದು ಇರಲಿ" ಎಂದರು. ಮುಂದಿನ ಶನಿವಾರ ಬೀಗ ಹಾಕಿತ್ತು. ಮನೆಯಲ್ಲಿ ಬೆಳಗಿನ ನಮಾಜಿಗೆ ಏಳಲೇ ಇಲ್ಲವಂತೆ ಎಂದು ಕೆಳಗಿನ ಅಂಗಡಿಯವರು ಹೇಳಿದರು. ಅವರ ಸಂಬಂಧಿಕರು ಕಂಪ್ಯೂಟರನ್ನು ಯಾರಿಗೋ ಕೊಟ್ಟರು, ಕೊಂಡವರು ಅದರಲ್ಲಿದ್ದದ್ದನ್ನೆಲ್ಲ ಅಳಿಸಿ ಬೇರೆ ಏನೋ ಹಾಕಿಕೊಂಡರಂತೆ. ಗೋಡೆಯ ಕಾಗದವೂ ಹೋಯಿತು. ಈಗ ಅಲ್ಲಿ ಮೊಬೈಲಿನ ಕವರು ಮಾರುತ್ತಾರೆ.

ಐಸಮ್ಮನನ್ನು ನಾನು ಕಂಡವಳಲ್ಲ. ಆಕೆಯ ಅಡುಗೆಮನೆ ಈಗ ಇರುವುದು ಹಮೀದಾಕ ಕೊಟ್ಟ ಪೆನ್‌ಡ್ರೈವಿನಲ್ಲಿ ಮಾತ್ರ. ಆ ಪೆನ್‌ಡ್ರೈವನ್ನು ತಿಂಗಳುಗಟ್ಟಲೆ ಮುಟ್ಟಿರಲಿಲ್ಲ. ಹೋದ ಭಾನುವಾರ ಬೆಳಿಗ್ಗೆ ಮನೆ ತೀರಾ ಖಾಲಿ ಅನಿಸಿ, ಲ್ಯಾಪ್‌ಟಾಪಿಗೆ ಹಾಕಿ ನಂತೂರಿನಲ್ಲಿ ತೆರೆದು, ಸ್ವರ ದೊಡ್ಡದು ಮಾಡಿ, ಅಡುಗೆಮನೆಯ ಕಟ್ಟೆಯ ಮೇಲಿಟ್ಟೆ. ಕತ್ತಿಯ ಸದ್ದು, ಕಾಗೆ, ನೀರು. ಮೂರನೇ ಸಲ ಓಡುವಾಗ ಪಕ್ಕದ ಮನೆಯ ಹೆಂಗಸು ಕಿಟಕಿಯಿಂದಲೇ ಕೇಳಿದಳು, "ಟೀಚರ್, ಮನೆಗೆ ಯಾರೋ ಬಂದಿದ್ದಾರಾ? ಪಾತ್ರೆಯ ಸದ್ದು ಕೇಳ್ತಾ ಉಂಟು."

"ಅಡುಗೆ ಆಗ್ತಾ ಉಂಟು" ಎಂದೆ. ನಾನಿನ್ನೂ ಒಲೆ ಹಚ್ಚಿರಲಿಲ್ಲ.