ಶೆಡ್ಡಿನೊಳಗಿನ ಜೀರುಂಡೆಗಳು

ಅಥಣಿ ಹತ್ತಿರ ಒಣದ್ರಾಕ್ಷಿ ಕೊಳ್ಳಲು ಹೋಗಿದ್ದೆ. ಮಧ್ಯಾಹ್ನ ಕರೆಂಟ್ ಹೋಗಿ, ಶೆಡ್ಡಿನಲ್ಲಿ ದ್ರಾಕ್ಷಿ ಸ್ವಚ್ಛ ಮಾಡುವ ಗದ್ದಲದ ಮಷಿನ್ ನಿಂತಿತು. ಬೆಚ್ಚಗಿನ ಸಿಹಿ ವಾಸನೆ, ತಗಡಿನ ಸಂದಿಯಿಂದ ಬಿದ್ದ ಬಿಸಿಲು, ಜೀರುಂಡೆಗಳ ಸದ್ದು; ಕಣ್ಣು ತಾನಾಗಿ ಮುಚ್ಚಿಕೊಂಡಿತು.

"ಜೀರುಂಡಿ ಎಷ್ಟ ಚಂದ ಹಾಡಾಕತ್ತಾವಲ್ಲ ಯವ್ವಾ," ಎಂದೆ.

ಕಿವಿಯ ಹತ್ತಿ ತೆಗೆಯುತ್ತಿದ್ದ ಕೆಲಸದ ಮುದುಕಿ ಆಲಿಸಿದಳು. "ಒಂದೂ ಇಲ್ರಿ ಸಾವ್ಕಾರ್ರ. ನಮ್ಮ ಮನಿಯವರಿಗೂ ಮೊದಲ ಹಿಂಗ ಕೇಳಸ್ತಿತ್ತು. ಈಗ ನಾ ಎಷ್ಟ ಬೈದ್ರೂ ಸುಮ್ನ ನಗ್ತಾರ."

ಮೂವತ್ತು ವರ್ಷ ಇಂಥ ಮಷಿನ್‌ಗಳ ಪಕ್ಕ ನಿಂತೇ ದರ ಕೂಗಿದವನು ನಾನು. ಮರುದಿನವೇ ಕಿವಿ ತೋರಿಸಿದೆ. ಡಾಕ್ಟರು, ಈ ಸದ್ದು ನಿಮ್ಮ ಕಿವಿಯೊಳಗಿನದೇ, ಹೋಗಲಿಕ್ಕಿಲ್ಲ, ಉಳಿದಷ್ಟು ಕೇಳುವ ಶಕ್ತಿಯನ್ನಾದರೂ ಕಾಪಾಡಿಕೊಳ್ಳಿ ಎಂದರು. ಈಗ ಇಯರ್‌ಪ್ಲಗ್ ಹಾಕದೆ ಶೆಡ್ಡಿಗೆ ಕಾಲಿಡುವುದಿಲ್ಲ. ಮುದುಕಿಗೂ ಒಂದು ಜೋಡಿ ಕೊಟ್ಟಿದ್ದೇನೆ.

ಕಣ್ಣು ಮುಚ್ಚಿದರೆ ಜೀರುಂಡೆಗಳ ತೋಟದಲ್ಲಿ ಮಲಗಿದ ಹಾಗಿರುತ್ತದೆ. ಮನೆಯಾಕೆಯ ಬೈಗುಳ ಮಾತ್ರ ಇನ್ನೂ ಒಂದಕ್ಷರ ಬಿಡದೆ ಕೇಳಿಸುತ್ತದೆ. ಅದನ್ನು ಲಾಭವೆಂದೇ ಹಿಡಿದಿದ್ದೇನೆ.