ಹಳದಿ ದಾಳ

ಮಗಳ ಯೂನಿಫಾರ್ಮಿಗೆ ಗುಂಡಿ ಹುಡುಕುತ್ತಿದ್ದೇನೆ ಎಂದು ಮನೆಯಲ್ಲಿ ಸುಳ್ಳು ಹೇಳಿ, ಇವತ್ತು ಬೆಳಿಗ್ಗೆ ಅಮ್ಮನಿಂದ ನನಗೆ ಬಂದ ಹೊಲಿಗೆ ಡಬ್ಬಿಯನ್ನು ಹಾಸಿಗೆಯ ಮೇಲೆ ಸುರಿದೆ. ಗುಂಡಿಗಳ ನಡುವೆ ಅದು ಇತ್ತು. ಅಡಿಕೆ ಗಾತ್ರದ, ಇಪ್ಪತ್ತು ಮುಖದ ನೀಲಿ ಪ್ಲಾಸ್ಟಿಕ್ ದಾಳ. ಇಪ್ಪತ್ತರ ಅಂಕಿ ಇರಬೇಕಾದ ಕಡೆ ದಬ್ಬಣದಲ್ಲಿ ಗೀಚಿದ ಪುಟ್ಟ ಶಿಲುಬೆ. ಮೂಗಿನ ಹತ್ತಿರ ಹಿಡಿದರೆ ಕಾದ ಪ್ಲಾಸ್ಟಿಕ್ಕಿನ ವಾಸನೆ ಇನ್ನೂ ಇದೆ… ಅಥವಾ ಇದೆ ಎಂದು ನನಗೆ ಅನ್ನಿಸಿತೋ ಏನೋ. ಆ ಶಿಲುಬೆ ಗೀಚಿದವರು ತೀರಿಕೊಂಡು ತಿಂಗಳಾಯಿತು.

ಅವರು ಮುಂಬಯಿಯ ಜೋಗೇಶ್ವರಿಯಲ್ಲಿ ನಮ್ಮದೇ ಬಿಲ್ಡಿಂಗಿನ ಕೆಳ ಅಂತಸ್ತಿನ ಮೊದಲ ಮನೆಯಲ್ಲಿದ್ದರು. ಉಡುಪಿ ಕಡೆಯವರು, ಮದುವೆಯಾಗಿರಲಿಲ್ಲ. ವಾರವಿಡೀ ಗುಂಡಿ ತಯಾರಿಸುವ ಸಣ್ಣ ಕಾರ್ಖಾನೆಯಲ್ಲಿ ಅಚ್ಚಿನ ಕೆಲಸ. ಆದಿತ್ಯವಾರ ಚರ್ಚಿನಲ್ಲಿ ನಮಗೆ ಕ್ಯಾಟೆಕಿಸಂ, ಅಂದರೆ ಧರ್ಮೋಪದೇಶದ ಪಾಠ. ಹಾಗಾಗಿ ನಮಗೆಲ್ಲ ಅವರು ಸರ್. ಅದೇ ಆದಿತ್ಯವಾರ ಸಂಜೆ ನಾಲ್ಕಕ್ಕೆ ನಾವು ಐದು ಮಕ್ಕಳು ಅವರ ಊಟದ ಮೇಜಿನ ಸುತ್ತ ಕೂರುತ್ತಿದ್ದೆವು. ಕ್ಯಾಟೆಕಿಸಂಗೆ ತಪ್ಪಿಸಿಕೊಂಡವರೂ ಇದಕ್ಕೆ ಮಾತ್ರ ತಪ್ಪಿಸಿಕೊಳ್ಳುತ್ತಿರಲಿಲ್ಲ.

ಅದು ಕಥೆಯ ಆಟ. ಮಣೆ ಇಲ್ಲ, ಕಾಯಿ ಇಲ್ಲ. ಸರ್ ಒಂದು ಕಥೆ ಶುರುಮಾಡುತ್ತಿದ್ದರು. ಅದರೊಳಗೆ ನಮ್ಮಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಸಿಡುಬಿನ ಊರು, ಮುರಿದ ಸೇತುವೆ, ಬೆಟ್ಟದ ಗುಹೆಯ ರಾಕ್ಷಸ… ಎದುರಿಗೆ ಏನು ಬಂದರೂ ನಾವು ಏನು ಮಾಡುತ್ತೇವೆ ಎಂದು ನಾವೇ ಹೇಳಬೇಕು, ಅದು ಆಯಿತೋ ಇಲ್ಲವೋ ಎಂದು ದಾಳ ಹೇಳುತ್ತದೆ: ದೊಡ್ಡ ಅಂಕಿ ಬಿದ್ದರೆ ಗೆಲುವು, ಚಿಕ್ಕದಾದರೆ ಸೋಲು. ರಾಕ್ಷಸರ ಸುದ್ದಿ ಕೇಳಿ ನನ್ನ ಅಮ್ಮ, ಇದೆಲ್ಲ ಸೈತಾನನ ಆಟ ಎಂದು ಜಗಳಕ್ಕೇ ಬಂದಿದ್ದಳು. ಸರ್ ಒಂದು ಕುರ್ಚಿ ಎಳೆದು ಕೊಟ್ಟರು, ಅಷ್ಟೇ. ಎರಡು ಗಂಟೆ ಕೈಕಟ್ಟಿ ಕೂತವಳು ಏಳುವಾಗ ಮೆಲ್ಲಗೆ, “ಆ ಕಥೆಯ ಮುದುಕಿಗೆ ಮದ್ದು ಸಿಗ್ತದಾ ಸರ್?” ಎಂದು ಕೇಳಿದಳು. “ಬರುವ ಆದಿತ್ಯವಾರ ಗೊತ್ತಾಗ್ತದೆ ಅಮ್ಮ” ಎಂದರು ಸರ್.

ಉರುಳಿಸುವ ದಾಳ ಎಲ್ಲರಿಗೂ ಒಂದೇ, ಬಿಳಿಯದು. ಅದರ ಹೊರತಾಗಿ ಸರ್ ತಮ್ಮ ಬಿಸ್ಕಿಟ್ ಡಬ್ಬಿಯಿಂದ ಪ್ರತಿಯೊಬ್ಬರ ಮುಂದೆಯೂ ಒಂದೊಂದು ನೀಲಿ ದಾಳ ಇಡುತ್ತಿದ್ದರು. ಕಾರ್ಖಾನೆಯಲ್ಲಿ ಉಳಿದ ಪ್ಲಾಸ್ಟಿಕ್ಕಿನಿಂದ ತಾವೇ ಅಚ್ಚು ಹಾಕಿದ್ದು. ಅದರ ಹೆಸರು ಕೃಪೆಯ ದಾಳ. ಯಾರಾದರೂ ಸೋತರೆ ಇನ್ನೊಬ್ಬರು ತಮ್ಮ ಕೃಪೆಯ ದಾಳವನ್ನು ಅವರಿಗೆ ಕೊಡಬಹುದು. ಅವರು ಅದನ್ನು ಉರುಳಿಸಿ ಮತ್ತೊಮ್ಮೆ ಪ್ರಯತ್ನಿಸಬಹುದು. ಆಮೇಲೆ ದಾಳ ಡಬ್ಬಿಗೆ ವಾಪಸು. ನಿಯಮ ಒಂದೇ: ನಮ್ಮದನ್ನು ನಮಗಾಗಿ ಬಳಸುವಂತಿಲ್ಲ. ಸರ್ ಮುಂದೆಯೂ ಅಂಥದೊಂದಿತ್ತು, ಹಳದಿ ಬಣ್ಣದ್ದು. ಎಲ್ಲರ ನೀಲಿ ಮುಗಿದ ಮೇಲೂ ಯಾರಾದರೂ ಸಾಯುವಂತಾದರೆ ಸರ್ ತಮ್ಮ ಹಳದಿಯನ್ನು ಮೇಜಿನ ಮೇಲೆ ದೂಡುತ್ತಿದ್ದರು.

ನಮ್ಮ ಪೈಕಿ ಮೇಲಿನ ಮನೆಯ ಹುಡುಗಿಯೊಬ್ಬಳಿದ್ದಳು. ವಿಜಾಪುರದ ಕಡೆಯವರು, ನಮ್ಮ ಧರ್ಮದವರಲ್ಲ. ನಾನೋ ಕ್ಯಾಟೆಕಿಸಂ ಪರೀಕ್ಷೆಯಲ್ಲಿ ಮೂರು ವರ್ಷ ಮೊದಲಿಗಳು, ಚರ್ಚಿನ ಗಾಯನ ತಂಡದಲ್ಲಿ ಮುಂದಿನ ಸಾಲು. ಕಥೆಯಲ್ಲಿ ರೋಗ ಗುಣಪಡಿಸುವ ಸನ್ಯಾಸಿನಿಯ ಪಾತ್ರವೊಂದು ಬಂದಾಗ ಅದು ನನ್ನದೇ ಎಂದು ನೆಟ್ಟಗೆ ಕೂತಿದ್ದೆ. ಸರ್ ಚೀಟಿ ಎತ್ತಿಸಿದರು. ಸನ್ಯಾಸಿನಿ ಅವಳಿಗೆ ಹೋದಳು. ನನಗೆ ಬಂದದ್ದು ಕಳ್ಳಿಯ ಪಾತ್ರ.

ಅದನ್ನಾದರೂ ಸಹಿಸಬಹುದಿತ್ತು. ಅವಳು ಆ ಪಾತ್ರ ಮಾಡಿದ ರೀತಿಯನ್ನು ಹೇಗೆ ಸಹಿಸುವುದು? ಸಿಡುಬಿನ ಊರಲ್ಲಿ ಮಗುವೊಂದು ಸಾಯುತ್ತಿತ್ತು. ಸನ್ಯಾಸಿನಿ ಏನು ಪ್ರಾರ್ಥಿಸುತ್ತಾಳೆ ಎಂದು ಸರ್ ಕೇಳಿದರು. ಜಪಸರದ ಪ್ರಾರ್ಥನೆಯನ್ನು ಮೊದಲಿನಿಂದ ಕೊನೆಯವರೆಗೆ ತಡವರಿಸದೆ ಹೇಳಬಲ್ಲ ನಾನು ಪಕ್ಕದಲ್ಲೇ ಇದ್ದೆ. ಅವಳು, “ಯಪ್ಪಾ ದೇವ್ರ, ಇವನ್ನ ಉಳಸು. ಇವಂದೇನೂ ತಪ್ಪಿಲ್ಲ… ತಪ್ಪಿದ್ರೂ ಇರ್ಲಿ, ಉಳಸು” ಅಂದಳು. ಸರ್ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಮೂರು ವರ್ಷ ನಾನು ತಪ್ಪಿಲ್ಲದೆ ಒಪ್ಪಿಸಿದ ಒಂದು ಪ್ರಾರ್ಥನೆಗೂ ಆ ಕನ್ನಡಕ ಮಂಜಾಗಿರಲಿಲ್ಲ. ನನ್ನ ಹೊಟ್ಟೆಯಲ್ಲಿ ಕೆಂಡ ಬಿದ್ದದ್ದು ಆವತ್ತೇ.

ಅಲ್ಲಿಂದ ಮುಂದೆ ಎಲ್ಲದಕ್ಕೂ ಲೆಕ್ಕ ಇಟ್ಟೆ. ಸರ್ ಅವಳತ್ತ ಎಷ್ಟು ಸಲ ನೋಡಿದರು, ಅವಳ ಮಾತಿಗೆ ಎಷ್ಟು ಸಲ ನಕ್ಕರು. ನನ್ನ ನೀಲಿ ದಾಳವನ್ನು ಉಳಿದ ಮೂವರಿಗೆ ಕೊಟ್ಟದ್ದುಂಟು, ಅವಳಿಗೆ ಒಂದು ದಿನವೂ ಕೊಡಲಿಲ್ಲ. ಅವಳು ಮಾತ್ರ ಹಿಂದೆಮುಂದೆ ನೋಡದೆ ನನಗೆ ಕೊಡುತ್ತಿದ್ದಳು. ಅದಕ್ಕೂ ನನಗೆ ಸಿಟ್ಟೇ ಬರುತ್ತಿತ್ತು.

ಮಳೆಗಾಲದ ಒಂದು ಆದಿತ್ಯವಾರ ನಾವು ಕಥೆಯಲ್ಲಿ ಮುರಿದ ಸೇತುವೆ ದಾಟುತ್ತಿದ್ದೆವು. ಎಲ್ಲರೂ ಆಚೆ ಹೋದರು, ನನ್ನ ಕಳ್ಳಿಯ ಕಾಲು ಹಲಗೆಯಲ್ಲಿ ಸಿಕ್ಕಿಬಿತ್ತು. ಅವಳು ತನ್ನ ನೀಲಿ ಕೊಟ್ಟಳು, ಸೋತೆ. ಉಳಿದ ಮೂವರೂ ಕೊಟ್ಟರು, ಸೋತೆ. ಸರ್ ತಮ್ಮ ಹಳದಿ ದೂಡಿದರು, ಅದೂ ಸೋತಿತು. ಆಗ ಸನ್ಯಾಸಿನಿ ಸೇತುವೆಯ ಮೇಲೆ ತಿರುಗಿ ಬಂದಳು. ನನ್ನನ್ನು ಎತ್ತಿ ಆಚೆ ಎಸೆದಳು. ಅವಳ ಕಾಲ ಕೆಳಗೆ ಹಲಗೆ ಕಳಚಿತು. ಬಿಳಿ ದಾಳ ಉರುಳಿಸಿದಳು. ಎರಡು ಬಿತ್ತು.

“ಯಾರ ಹತ್ರ ಇನ್ನೂ ಉಂಟು?” ಸರ್ ಕೇಳಿದರು.

ನನ್ನದು ಮೇಜಿನ ಕೆಳಗೆ, ನನ್ನ ಮುಷ್ಟಿಯೊಳಗಿತ್ತು. “ನನ್ನದು ಆಗ್ಲೇ ಮುಗಿದಿದೆ ಸರ್” ಅಂದೆ.

ಸರ್ ಡಬ್ಬಿಯೊಳಗೆ ನೋಡಿದರು. ನಾಲ್ಕು ನೀಲಿ, ಒಂದು ಹಳದಿ. ನನ್ನನ್ನು ನೋಡಿದರು. ಮುಚ್ಚಳ ಹಾಕಿ, “ಹಾಗಾದ್ರೆ ಆಯ್ತು” ಅಂದರು. ಸನ್ಯಾಸಿನಿ ನದಿಗೆ ಬಿದ್ದಳು. ಆ ಹುಡುಗಿಯ ಕಣ್ಣಲ್ಲಿ ನೀರು ಬಂತು, ಆದರೂ ನಕ್ಕಳು. “ಇರ್ಲಿ ಬಿಡ್ರಿ ಸರ್. ಕಳ್ಳಿ ಉಳದಾಳಲ್ಲ.”

ಆ ವಾರವಿಡೀ ಯಾರೂ ನನ್ನನ್ನು ಕುಂಬಳಕಾಯಿ ಕಳ್ಳಿ ಅನ್ನಲಿಲ್ಲ. ನಾನೇ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ದಾಳವನ್ನು ಹಿಂದಿರುಗಿಸುವ ಧೈರ್ಯವಿರಲಿಲ್ಲ. ಅಮ್ಮನ ಹೊಲಿಗೆ ಡಬ್ಬಿಯ ಗುಂಡಿಗಳ ನಡುವೆ ಅಡಗಿಸಿಟ್ಟೆ. ಮುಂದಿನ ಆದಿತ್ಯವಾರ ಸರ್ ಎಲ್ಲರ ಮುಂದೆ ನಿಂತು ಕೇಳುತ್ತಾರೆ, ನನ್ನ ಮುಂದೆ ಏನೂ ಇಡುವುದಿಲ್ಲ ಎಂದುಕೊಂಡು ಹೋದೆ. ಸರ್ ಡಬ್ಬಿ ತೆರೆದು ನಾಲ್ವರಿಗೂ ನೀಲಿ ಇಟ್ಟರು. ನನ್ನ ಮುಂದೆ ಹಳದಿ ಇಟ್ಟರು.

ನನಗೆ ಏನನ್ನಿಸಿತು ಗೊತ್ತೇ? ಖುಷಿ! ಕೊನೆಗೂ ಸರ್‌ಗೆ ನನ್ನ ಬೆಲೆ ತಿಳಿಯಿತು, ತಮ್ಮದನ್ನೇ ನನಗೆ ಕೊಟ್ಟರು ಅಂದುಕೊಂಡೆ. ಅವಳಿಗೆ ಕಾಣುವ ಹಾಗೆ ಆ ಹಳದಿ ದಾಳವನ್ನು ಬೆರಳ ತುದಿಯಲ್ಲಿ ತಿರುಗಿಸಿದೆ. ಮುಂದಿನ ಎರಡು ವರ್ಷ, ಕಾಲೇಜು ಸೇರಿ ಆಟ ಬಿಡುವವರೆಗೂ, ಪ್ರತಿ ಆದಿತ್ಯವಾರವೂ ಅದು ನನ್ನ ಮುಂದೆಯೇ ಬಂತು. ಸರ್ ಮುಂದೆ ಏನಿತ್ತು ಎಂದು ಒಮ್ಮೆಯೂ ನೋಡಲಿಲ್ಲ.

ಮದುವೆಯಾಗಿ ಘಾಟ್ಕೋಪರಿಗೆ ಬಂದ ಮೇಲೆ ಜೋಗೇಶ್ವರಿ ದೂರವಾಯಿತು. ಮೆಟ್ರೋ ಬಂದ ಮೇಲೆ ಹತ್ತಿರವಾಯಿತು, ಆದರೂ ಹೋಗಲಿಲ್ಲ. ಮೊನ್ನೆ ಸರ್ ಅವರ ತಿಂಗಳ ಪೂಜೆಗೆ ಹೋದಾಗ ಚರ್ಚಿನ ಹೊರಗೆ ಅವಳು ಸಿಕ್ಕಳು. ಈಗಲೂ ಅದೇ ಬಿಲ್ಡಿಂಗಿನಲ್ಲಿದ್ದಾಳೆ. ಕೊನೆಯ ದಿನಗಳಲ್ಲಿ ಸರ್‌ಗೆ ಗಂಜಿ ಕೊಟ್ಟು ನೋಡಿಕೊಂಡವಳು ಅವಳೇ ಎಂದು ಯಾರೋ ಹೇಳಿದರು. ಅದನ್ನು ಕೇಳಿ ನನಗಾದದ್ದು ದುಃಖ ಎಂದು ಬರೆದರೆ ಸುಳ್ಳಾಗುತ್ತದೆ.

“ಡಬ್ಬಿ ನನಗ ಕೊಟ್ಟು ಹೋದ್ರು ಸರ್” ಅಂದಳು. “ಆದಿತ್ಯವಾರ ಐದ್ ಮಂದಿ ಹುಡುಗೂರಿಗೆ ನಾನ ಆಡಸ್ತೀನಿ. ದಾಳ ಐದ ಅದಾವ, ಅವರಿಗೆ ಕೊಟ್ರ ನನಗ ಉಳಿಯೂದಿಲ್ಲ. ಸರ್‌ದೂ ಹಂಗ ಇತ್ತಲ್ಲ, ತಮ್ಮದು ನಿನಗ ಕೊಟ್ಟ ಮ್ಯಾಲೆ ಬರೇ ಕೈಲೆ ಆಡಸ್ತಿದ್ರು.”

“ಇನ್ನೊಂದು ಮಾಡಿಕೊಳ್ಳಬಹುದಿತ್ತಲ್ಲ?” ಅಂದೆ.

“ಎಲ್ಲಿಂದ? ಆ ಮಳಿಗಾಲಕ್ಕ ಮೊದಲ ಕಾರ್ಖಾನಿ ಮುಚ್ಚಿತ್ತು, ಅಚ್ಚೂ ಹೋಗಿತ್ತು. ನೀಲಿದೊಂದು ಕಮ್ಮಿ ಬಿತ್ತಲ್ಲ, ಅದಕ್ಕ ತಮ್ಮದು ಕೊಟ್ರು.” ನನ್ನ ಮುಖ ನೋಡಿದಳು. “ನಿನ್ನ ಮಗಳನ್ನ ಕರಕೊಂಡು ಬಾ ಒಂದಿನ” ಅಂದಳು.

ಈಗ ಅದೇ ನೀಲಿ ದಾಳ ನನ್ನ ಮುಂದಿದೆ. ಸರ್ ಕುರ್ಚಿಯಲ್ಲಿ ಅವಳು ಕೂರುತ್ತಾಳೆ ಎಂಬುದಕ್ಕೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ನಾನು ಕದ್ದದ್ದಕ್ಕೆ ಅವಳೂ ಬರಿಗೈಯಲ್ಲಿ ಕೂರುತ್ತಾಳೆ ಎಂಬುದಕ್ಕೆ ಇನ್ನೂ ಹೆಚ್ಚು. ನಾಳೆ ಆದಿತ್ಯವಾರ. ಜೋಗೇಶ್ವರಿಗೆ ಹೋಗಿ ಇದನ್ನು ಅವಳ ಕೈಯಲ್ಲಿಡುತ್ತೇನೆ. ಡಬ್ಬಿಯ ಲೆಕ್ಕ ಸರಿಹೋಗುತ್ತದೆ. ಆದರೆ ಆ ಎರಡು ವರ್ಷದಲ್ಲಿ ಸರ್ ಒಂದು ಸಲವಾದರೂ ಕೇಳಿದ್ದರೆ… ಬೈಸಿಕೊಂಡಾದರೂ ಕೊಟ್ಟುಬಿಡುತ್ತಿದ್ದೆ. ಅವರು ಕೇಳಲಿಲ್ಲ. ನಾನು ಕೊಡಲೆಂದು ಕಾದರು, ಅಷ್ಟೇ.